ಶನಿವಾರ ಮಧ್ಯಾಹ್ನದೊಳಗೆ ಮನೆಗೆಲಸ: ಗಂಡ ಹೆಂಡತಿ ಇಬ್ಬರೇ ಇರುವ ಮನೆಗೊಂದು ಕ್ರಮ

ವಾರಾಂತ್ಯದ ಎರಡು ದಿನವನ್ನು ನುಂಗುವುದರಲ್ಲಿ ಕೆಲಸದ ರಾಶಿಗಿಂತ ಕ್ರಮ ತಪ್ಪಿದ ಕೆಲಸದ ಪಾಲೇ ಹೆಚ್ಚು. ಹತ್ತು ಗಂಟೆಗೆ ಕಸ ಗುಡಿಸಿ, ಹನ್ನೊಂದಕ್ಕೆ ಫ್ಯಾನ್ ಒರೆಸಿ, ಫ್ಯಾನಿನ ಧೂಳು ನೆಲಕ್ಕೆ ಬಿತ್ತೆಂದು ಮತ್ತೆ ಗುಡಿಸಿ, ಹನ್ನೆರಡಕ್ಕೆ ಬಟ್ಟೆಯ ನೆನಪಾಗಿ ಮೆಷಿನ್ ಹಾಕಿದರೆ ಅದು ಒಣಗುವಷ್ಟರಲ್ಲಿ ರಾತ್ರಿ. ಇಬ್ಬರಿರುವ ಮನೆಯಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಒಬ್ಬರು ಓಡಾಡಿ ಕೆಲಸ ಮಾಡುತ್ತಿರುತ್ತಾರೆ, ಇನ್ನೊಬ್ಬರು ಬಂದು “ನಾನೇನು ಮಾಡಲಿ?” ಅನ್ನುತ್ತಾರೆ. ಆಗ ಕೆಲಸ ಮಾಡುತ್ತಿದ್ದವರ ತಲೆಗೆ ಹೇಳಿಕೊಡುವ ಕೆಲಸವೂ ಬಂತು.

ತಾನಾಗಿ ನಡೆಯುವ ಕೆಲಸಗಳನ್ನು ಮೊದಲು ಹಚ್ಚಿಬಿಡಿ: ಮೆಷಿನ್ ಒಗೆಯುವುದು, ಕಲೆ ನೆನೆಯುವುದು, ಅಂಟು ಒಣಗುವುದು, ಹಾಸಿಗೆ ಗಾಳಿಯಾಡುವುದು. ಕೈ ಬೇಕಾದ ಕೆಲಸಗಳನ್ನು ಆ ನಡುವಿನ ಹೊತ್ತಿಗೆ ಇಟ್ಟುಕೊಳ್ಳಿ. ಎಂಟಕ್ಕೆ ಶುರು ಮಾಡಿದರೆ ಸಾಧಾರಣ ಗಾತ್ರದ ಮನೆ ಮಧ್ಯಾಹ್ನ ಒಂದರೊಳಗೆ ಒಂದು ಹದಕ್ಕೆ ಬರುತ್ತದೆ. ಭಾನುವಾರ ಹಗಲೆಲ್ಲ ನಿಮ್ಮದೇ.

ಶುಕ್ರವಾರ ರಾತ್ರಿ ಹದಿನೈದು ನಿಮಿಷ

ಒಂದು ಹಾಳೆ, ಒಂದು ಪೆನ್ನು, ಇಬ್ಬರೂ ಜೊತೆಗೆ. ಈ ವಾರ ಆಗಲೇಬೇಕಾದ್ದನ್ನು ಮಾತ್ರ ಬರೆಯಿರಿ. ಪಟ್ಟಿ ಎಂಟು ಸಾಲು ದಾಟಿದರೆ ಕೊನೆಯ ಸಾಲುಗಳನ್ನು ಆಗಲೇ ಹೊಡೆದುಹಾಕುವುದು ಒಳ್ಳೆಯದು. ಹೇಗೂ ಆಗದ ಕೆಲಸ ಪಟ್ಟಿಯಲ್ಲಿ ಕೂತರೆ ಆದ ಕೆಲಸದ ಸಮಾಧಾನವನ್ನೂ ಕೆಡಿಸುತ್ತದೆ.

ಪ್ರತಿ ಸಾಲಿನ ಮುಂದೆ ಒಬ್ಬರ ಹೆಸರು, ಒಬ್ಬರದೇ. ಹೆಸರಿದ್ದವರು ಆ ಕೆಲಸವನ್ನು ತುದಿಯಿಂದ ತುದಿಯವರೆಗೆ ನೋಡಿಕೊಳ್ಳುತ್ತಾರೆ. ಬಟ್ಟೆ ನಿಮ್ಮ ಪಾಲಿಗೆ ಬಂದರೆ ಗುಂಡಿ ಒತ್ತಿದಲ್ಲಿಗೆ ಮುಗಿಯುವುದಿಲ್ಲ. ಸೋಪು ಸಾಕಷ್ಟಿದೆಯೇ ನೋಡುವುದು, ಜೇಬು ತಡಕುವುದು, ಒಣಹಾಕುವುದು, ತೆಗೆಯುವುದು ಎಲ್ಲವೂ ಅದರೊಳಗೇ (ಮಡಿಸುವುದು ಮಾತ್ರ ಭಾನುವಾರ ಇಬ್ಬರೂ ಕೂಡಿ). ಅರ್ಧ ಕೆಲಸ ಒಬ್ಬರದು, ಉಳಿದರ್ಧ ಇನ್ನೊಬ್ಬರದು ಎಂದಾದಲ್ಲಿ ಒದ್ದೆ ಬಟ್ಟೆ ಡ್ರಮ್ಮಿನಲ್ಲೇ ಸಂಜೆಯವರೆಗೆ ಕೂತಿರುತ್ತದೆ, ವಾಸನೆ ಹಿಡಿಯುತ್ತದೆ, ಮತ್ತೆ ಒಗೆಯಬೇಕಾಗುತ್ತದೆ.

ಪಾಲು ಮಾಡಲು ಸುಲಭದ ದಾರಿ: ಇಬ್ಬರೂ ತಮಗೆ ಎಳ್ಳಷ್ಟೂ ಇಷ್ಟವಿಲ್ಲದ ಮೂರು ಕೆಲಸಗಳನ್ನು ಬೇರೆ ಬೇರೆ ಚೀಟಿಯಲ್ಲಿ ಬರೆಯಿರಿ. ಒಬ್ಬರಿಗೆ ಬೇಡದ್ದು ಇನ್ನೊಬ್ಬರಿಗೆ ಪರವಾಗಿಲ್ಲ ಅನ್ನಿಸಿದರೆ ಅಲ್ಲೇ ಅದಲು ಬದಲು. ಇಬ್ಬರ ಚೀಟಿಯಲ್ಲೂ ಇರುವ ಕೆಲಸಕ್ಕೆ (ಸಾಮಾನ್ಯವಾಗಿ ಅದು ಬಚ್ಚಲು) ಸರದಿ, ಒಂದು ವಾರ ನೀವು, ಮುಂದಿನ ವಾರ ಅವರು. “ಮುಗಿಯಿತು” ಅಂದರೆ ಎಷ್ಟು ಅನ್ನುವುದನ್ನೂ ಆಗಲೇ ಮಾತಾಡಿಕೊಳ್ಳಿ. ಅಡುಗೆಮನೆ ಮುಗಿಯಿತು ಅಂದರೆ ಕಟ್ಟೆ ಒರೆಸಿದಲ್ಲಿಗೋ, ಒಲೆಯ ಬರ್ನರ್ ಎತ್ತಿ ತೊಳೆದಲ್ಲಿಗೋ? ವಾರಾಂತ್ಯದ ಬಹುಪಾಲು ಜಗಳದ ಬೇರು ಇಲ್ಲಿರುತ್ತದೆ. ಶನಿವಾರ ಹನ್ನೊಂದು ಗಂಟೆಗೆ ಬೆವರು ಸುರಿಯುವಾಗ ಈ ಮಾತು ಎತ್ತಿದರೆ ಅದು ಮಾತಾಗಿ ಉಳಿಯುವುದಿಲ್ಲ.

ಮಲಗುವ ಮೊದಲು ಸಿಂಕು ಖಾಲಿ ಮಾಡಿ. ಬೆಳಗ್ಗೆ ಎದ್ದಾಗ ಪಾತ್ರೆಯ ಗುಡ್ಡೆ ಕಂಡರೆ ಮೊದಲ ಮುಕ್ಕಾಲು ಗಂಟೆ ಅದಕ್ಕೇ ಹೋಗುತ್ತದೆ, ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಶನಿವಾರ ಎಂಟು ಗಂಟೆ: ಮೊದಲ ಇಪ್ಪತ್ತು ನಿಮಿಷ

ಒಬ್ಬರು ಹಾಸಿಗೆಯ ಹೊದಿಕೆಗಳನ್ನೆಲ್ಲ ಕಳಚಿ ಮ್ಯಾಟ್ರೆಸ್ ಬರಿದು ಮಾಡಿ ಕಿಟಕಿ ತೆರೆಯಲಿ. ರಾತ್ರಿಯ ಬೆವರಿನ ತೇವ ಆರಲು ಎರಡು ಮೂರು ಗಂಟೆ ಸಿಗುತ್ತದೆ. ಇನ್ನೊಬ್ಬರು ಬಟ್ಟೆ ಬೇರೆ ಮಾಡಿ ಮೊದಲ ಮೆಷಿನ್ ಹಾಕಲಿ. ನಡುವೆ ಬಚ್ಚಲಿನ ಶವರ್ ಮತ್ತು ನಲ್ಲಿಯ ಬಾಯಿಯನ್ನು ನೆನೆಹಾಕಿ ಬನ್ನಿ (ವಿಧಾನ ಕೆಳಗಿದೆ). ಅಂಟು ಹಾಕಿ ಒಣಗಿಸಬೇಕಾದ ರಿಪೇರಿ ಇದ್ದರೆ ಅಂಟೂ ಈಗಲೇ. ಕಾಫಿ ಇದಾದ ಮೇಲೆ. ಮೊದಲೇ ಕುಡಿಯಲು ಕೂತರೆ ಎಂಟೂವರೆ ಒಂಬತ್ತೂವರೆಯಾಗುವುದು ಗೊತ್ತೇ ಆಗುವುದಿಲ್ಲ.

ಬಟ್ಟೆ

ಮೊದಲ ಸುತ್ತು ಟವೆಲ್‌ಗಳದ್ದು. ದಪ್ಪ ಬಟ್ಟೆ ಒಣಗಲು ಎಲ್ಲಕ್ಕಿಂತ ಹೆಚ್ಚು ಹೊತ್ತು ಬೇಕು, ಆದ್ದರಿಂದ ಅದು ಮೊದಲು ಹೊರಬೀಳಬೇಕು. ಎರಡನೆಯ ಸುತ್ತು ಬೆಡ್‌ಶೀಟ್, ದಿಂಬಿನ ಕವರ್. ತೆಳುವಾದ್ದರಿಂದ ರಾತ್ರಿ ಮಲಗುವ ಹೊತ್ತಿಗೆ ಸಿದ್ಧ. ದಿನಬಳಕೆಯ ಬಟ್ಟೆ ಮೂರನೆಯದು. ಅದನ್ನು ವಾರದ ನಡುವೆ ಒಂದು ಸಂಜೆ ಹಾಕಿದರೆ ಇನ್ನೂ ವಾಸಿ. ಟವೆಲ್ ಮತ್ತು ಬೆಡ್‌ಶೀಟ್ ಒಟ್ಟಿಗೆ ಬೇಡ. ಬೆಡ್‌ಶೀಟ್ ಸುರುಳಿಯಾಗಿ ಟವೆಲನ್ನು ಒಳಗೆ ಸುತ್ತಿಕೊಂಡು ಒಂದು ಉಂಡೆಯಾಗುತ್ತದೆ, ಹಿಂಡುವಾಗ ಡ್ರಮ್ ಒಂದೇ ಕಡೆ ವಾಲಿ ಮೆಷಿನ್ ದಡಬಡ ಕುಣಿಯುತ್ತದೆ, ಇಲ್ಲವೇ ಹಿಂಡುವುದನ್ನೇ ನಿಲ್ಲಿಸಿಬಿಡುತ್ತದೆ. ಮುಂಬಾಗಿಲಿನ ಮೆಷಿನ್ನಿನಲ್ಲಿ ಹತ್ತಿ ಬಟ್ಟೆ ತುಂಬಿದ ಮೇಲೆ ಡ್ರಮ್ಮಿನ ಮೇಲ್ಭಾಗದಲ್ಲಿ ಅಂಗೈ ನಿಲ್ಲಿಸಿ ಒಳಗೆ ಹಾಕುವಷ್ಟು ಜಾಗ ಉಳಿದಿರಬೇಕು. ಸಿಂಥೆಟಿಕ್ ಬಟ್ಟೆಯಾದರೆ ಅರ್ಧ ಡ್ರಮ್ ಸಾಕು.

ಸೋಪಿನ ವಿಷಯದಲ್ಲಿ ಹೆಚ್ಚಿನ ಮನೆಗಳ ತಪ್ಪು ಒಂದೇ: ಜಾಸ್ತಿ ಹಾಕುವುದು. ನೊರೆ ಹೆಚ್ಚಾದಷ್ಟೂ ಬಟ್ಟೆಗಳು ಒಂದಕ್ಕೊಂದು ಉಜ್ಜುವುದು ಕಡಿಮೆಯಾಗುತ್ತದೆ, ಕೊಳೆ ಸರಿಯಾಗಿ ಬಿಡುವುದಿಲ್ಲ. ಜಾಲಿಸಿದರೂ ಹೋಗದೆ ಉಳಿದ ಸೋಪು ಬಟ್ಟೆಯ ಎಳೆಯಲ್ಲಿ, ಮೆಷಿನ್ನಿನ ಒಳಗೋಡೆಯಲ್ಲಿ ಪದರಗಟ್ಟಿ ಮುಗ್ಗಲು ವಾಸನೆಗೆ ಮನೆಯಾಗುತ್ತದೆ. ಪೊಟ್ಟಣದ ಮೇಲೆ ಬರೆದ ಅಳತೆಗಿಂತ ಹೆಚ್ಚು ಎಂದೂ ಬೇಡ. ನೀರು ಗಡಸಲ್ಲದಿದ್ದರೆ, ಬಟ್ಟೆ ಹೆಚ್ಚು ಕೊಳೆಯಾಗದಿದ್ದರೆ ಅದಕ್ಕಿಂತ ಕಡಿಮೆಯೂ ನಡೆಯುತ್ತದೆ. ಟವೆಲಿಗೆ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಲೇಬೇಡಿ. ಅದು ಎಳೆಗಳ ಮೇಲೆ ತೆಳ್ಳನೆ ಪದರ ಕಟ್ಟುತ್ತದೆ. ಟವೆಲ್ ಮುಟ್ಟಲು ಮೆತ್ತಗಿರುತ್ತದೆ, ನೀರು ಮಾತ್ರ ಹೀರುವುದಿಲ್ಲ.

ಕಲೆ ಇದ್ದರೆ ಮೆಷಿನ್ನಿಗೆ ಹಾಕುವ ಮೊದಲೇ ನೋಡಿಕೊಳ್ಳಬೇಕು. ರಕ್ತ, ಹಾಲು, ಮೊಟ್ಟೆಯ ಕಲೆಗೆ ತಣ್ಣೀರು ಮಾತ್ರ. ಬಿಸಿನೀರು ಬಿದ್ದರೆ ಅದರ ಪ್ರೋಟೀನ್ ಗಟ್ಟಿಯಾಗಿ ಬಟ್ಟೆಗೆ ಕಚ್ಚಿಕೊಳ್ಳುತ್ತದೆ. ಎಣ್ಣೆಯ ಕಲೆಗೆ ಪಾತ್ರೆ ತೊಳೆಯುವ ದ್ರವ ಎರಡು ಹನಿ, ಬೆರಳಲ್ಲಿ ತಿಕ್ಕಿ ಹತ್ತು ಹದಿನೈದು ನಿಮಿಷ ಬಿಟ್ಟು ಆಮೇಲೆ ಒಗೆತಕ್ಕೆ. ಬೆಡ್‌ಶೀಟಿನ ಲೇಬಲ್ 60 ಡಿಗ್ರಿಗೆ ಒಪ್ಪಿದರೆ ಆ ಶಾಖದಲ್ಲೇ ಒಗೆಯಿರಿ. ದಿಂಬು ಹಾಸಿಗೆಯಲ್ಲಿ ಸೇರುವ ಧೂಳುಹುಳುಗಳು ಆ ಶಾಖಕ್ಕೆ ಸಾಯುತ್ತವೆ. ಉಣ್ಣೆ, ರೇಷ್ಮೆಗೆ ಎಂಜೈಮ್ ಇರುವ ಸೋಪು ತಾಗಿಸಬಾರದು. ಆ ಎಳೆಗಳೇ ಪ್ರೋಟೀನ್, ಇಂಥ ಸೋಪಿನಲ್ಲಿ ಸಾಮಾನ್ಯವಾಗಿರುವ ಒಂದು ಎಂಜೈಮಿನ ಕೆಲಸವೇ ಪ್ರೋಟೀನ್ ಒಡೆಯುವುದು.

ತಿಂಗಳಿಗೊಮ್ಮೆ ಮೆಷಿನ್ನಿಗೂ ಒಂದು ಸ್ನಾನ ಬೇಕು. ಬಟ್ಟೆ ಹಾಕದೆ, ಇರುವುದರಲ್ಲೇ ಅತಿ ಬಿಸಿಯ ಸುತ್ತನ್ನು, ಅಥವಾ ಡ್ರಮ್ ತೊಳೆಯಲೆಂದೇ ಇರುವ ಸುತ್ತನ್ನು ಓಡಿಸಿ. ಬಾಗಿಲಿನ ರಬ್ಬರ್ ಮಡಿಕೆಯನ್ನು ಬೆರಳಿಂದ ಬಿಡಿಸಿ ಒಳಗೆ ಒರೆಸಿ. ಕೂದಲು, ಕಾಲುಚೀಲದ ನೂಲು, ಲೋಳೆ ಎಲ್ಲ ಅಲ್ಲೇ ಅಡಗಿರುತ್ತದೆ. ಮುಂಬಾಗಿಲಿನ ಮೆಷಿನ್ನಿನ ಕೆಳಗಡೆ ಮೂಲೆಯಲ್ಲಿ ಒಂದು ಪುಟ್ಟ ಮುಚ್ಚಳ, ಅದರ ಹಿಂದೆ ಪಂಪಿನ ಫಿಲ್ಟರ್. ಅದನ್ನು ತೆರೆಯುವಾಗ ಪ್ಲಗ್ ಕಿತ್ತಿರಬೇಕು, ಒಳಗಿನ ನೀರು ತಣ್ಣಗಾಗಿರಬೇಕು. ಅಗಲವಾದ ತಟ್ಟೆ ಇಟ್ಟು, ಸಣ್ಣ ಕೊಳವೆ ಇದ್ದರೆ ಮೊದಲು ಅದರಿಂದ ನೀರು ಬಸಿಯಿರಿ. ನಂತರ ಫಿಲ್ಟರನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿ. ಒಮ್ಮೆಲೇ ಬಿಚ್ಚಿದರೆ ಲೀಟರುಗಟ್ಟಲೆ ನೀರು ಕಾಲ ಮೇಲೆ. ನಾಣ್ಯ, ಹೇರ್‌ಪಿನ್, ಗುಂಡಿ ಸಿಗುವುದು ಖಂಡಿತ. ತೊಳೆದು ಹಾಕುವಾಗ ಓರೆಯಾಗದಂತೆ ಬಿಗಿಯಾಗಿ ಕೂರಿಸಿ, ಮುಂದಿನ ಒಗೆತದ ಮೊದಲ ಹತ್ತು ನಿಮಿಷ ಕೆಳಗೆ ತೊಟ್ಟಿಕ್ಕುತ್ತಿದೆಯೇ ಎಂದು ಕಣ್ಣಿಡಿ. ಒಗೆತ ಮುಗಿದ ಮೇಲೆ ಬಾಗಿಲನ್ನು ಎರಡು ಬೆರಳಷ್ಟು ತೆರೆದೇ ಬಿಡಿ.

ಮೇಲಿನಿಂದ ಕೆಳಕ್ಕೆ, ಒಳಗಿನಿಂದ ಬಾಗಿಲಿಗೆ

ಮೊದಲ ಮೆಷಿನ್ ಓಡುವಾಗ ಕೋಣೆಗಳು. ಇಬ್ಬರೂ ಒಂದೇ ಕೋಣೆಯಲ್ಲಿ ನಿಂತರೆ ಒಬ್ಬರ ಕಾಲಿಗೆ ಇನ್ನೊಬ್ಬರು ಅಡ್ಡ. ಒಬ್ಬರು ಮುಂದೆ ಹೋಗಿ ಮೇಲಿನದನ್ನು ಮುಗಿಸುತ್ತಾ ಸಾಗಲಿ: ಫ್ಯಾನು, ಕಪಾಟಿನ ನೆತ್ತಿ, ಕಿಟಕಿಯ ಕಂಬಿ, ಮೇಜು. ಇನ್ನೊಬ್ಬರು ಒಂದು ಕೋಣೆ ಹಿಂದೆ ನೆಲ ನೋಡಿಕೊಂಡು ಬರಲಿ. ಹೀಗೆ ಹೋದರೆ ಗುಡಿಸಿದ ಜಾಗಕ್ಕೆ ಮತ್ತೆ ಧೂಳು ಬೀಳುವುದಿಲ್ಲ, ಇಬ್ಬರ ನಡುವೆ ಒಂದು ಕೋಣೆಯ ಅಂತರವೂ ಉಳಿಯುತ್ತದೆ. ಆ ಅಂತರ ಇದ್ದಷ್ಟೂ ಮನೆ ಶಾಂತ.

ಫ್ಯಾನಿಗೆ ಹಳೆಯ ದಿಂಬಿನ ಕವರ್ ಒಂದು ಸಾಕು. ಸ್ವಿಚ್ ಆರಿಸಿ, ರೆಕ್ಕೆಗೆ ಕವರನ್ನು ಚೀಲದಂತೆ ತೊಡಿಸಿ, ಎರಡೂ ಕೈಯಿಂದ ಮೆಲ್ಲಗೆ ಒತ್ತಿ ಎಳೆದರೆ ಧೂಳೆಲ್ಲ ಕವರಿನೊಳಗೇ ಬೀಳುತ್ತದೆ. ಸ್ಟೂಲನ್ನು ಇನ್ನೊಬ್ಬರು ಹಿಡಿದುಕೊಳ್ಳಲಿ. ಮೇಜು ಕಪಾಟಿಗೆ ಒಣಬಟ್ಟೆ ಬಡಿದರೆ ಧೂಳು ಜಾಗ ಬದಲಿಸುತ್ತದೆ, ಅಷ್ಟೆ. ಬಟ್ಟೆಯನ್ನು ಒದ್ದೆ ಮಾಡಿ ಚೆನ್ನಾಗಿ ಹಿಂಡಿ ಒರೆಸಬೇಕು.

ನೆಲ ಒರೆಸಲು ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಮಾಪ್ ಜಾಲಿಸುವ ಬರಿನೀರು. ಒಂದೇ ಬಕೆಟ್ಟಾದರೆ ಮೂರನೆಯ ಕೋಣೆಗೆ ಬರುವಾಗ ಒರೆಸುತ್ತಿರುವುದು ಕೊಳೆನೀರಿನಿಂದಲೇ. ಒಣಗಿದ ಮೇಲೆ ಬರಿಗಾಲಿಗೆ ನೆಲ ಅಂಟಂಟು ಅನ್ನಿಸಿದರೆ ಸೋಪು ಹೆಚ್ಚಾಗಿದೆ ಎಂದು ತಿಳಿಯಿರಿ. ಮುಂದಿನ ಸಲ ಅರ್ಧಕ್ಕಿಳಿಸಿ. ದೂರದ ಮೂಲೆಯಿಂದ ಶುರು ಮಾಡಿ ಬಾಗಿಲಿನತ್ತ ಬನ್ನಿ.

ಹಾಸಿಗೆ ಇಬ್ಬರ ಕೆಲಸ

ಒಬ್ಬರೇ ಮಾಡಿದರೆ ಸೊಂಟ ಹಿಡಿಯುವ ಕೆಲಸ ಇದು. ಮ್ಯಾಟ್ರೆಸ್ಸನ್ನು ಮೂರರಿಂದ ಆರು ತಿಂಗಳಿಗೊಮ್ಮೆ ತಲೆಯ ಕಡೆ ಕಾಲಿಗೆ ಬರುವಂತೆ ತಿರುಗಿಸಿದರೆ ಒಂದೇ ಕಡೆ ತಗ್ಗು ಬೀಳುವುದು ನಿಧಾನವಾಗುತ್ತದೆ. ಕರ್ಣದ ಎರಡು ಮೂಲೆಗಳಲ್ಲಿ ಒಬ್ಬೊಬ್ಬರು ನಿಂತು, ಎತ್ತದೆ, ಮಂಚದ ಮೇಲೇ ತಿರುಗಿಸುತ್ತಾ ಹೋಗಿ. ಮಗುಚಿ ಹಾಕುವ ಮೊದಲು ಲೇಬಲ್ ನೋಡಿ. ಮೇಲೊಂದು ಮೆತ್ತನೆ ಪದರ ಇರುವ ಮ್ಯಾಟ್ರೆಸ್‌ಗಳಿಗೆ ಒಂದೇ ಮುಖ, ಮಗುಚಿದರೆ ಮಲಗಲಾಗುವುದಿಲ್ಲ. ತಿರುಗಿಸುವ ಮೊದಲು ವ್ಯಾಕ್ಯೂಮ್ ಹಿಡಿಯಿರಿ, ಹೊಲಿಗೆಯ ಅಂಚು ಮತ್ತು ಗುಂಡಿಗಳ ಸುತ್ತ ಹೆಚ್ಚು ಹೊತ್ತು.

ಒಣಗಿದ ದೊಡ್ಡ ಬೆಡ್‌ಶೀಟ್ ಮಡಿಸುವಾಗಲೂ ಇಬ್ಬರು. ಆಚೆ ಈಚೆ ಎರಡೆರಡು ಮೂಲೆ ಹಿಡಿದು, ಒಮ್ಮೆ ಬಿಗಿಯಾಗಿ ಎಳೆದು ಜಾಡಿಸಿ. ಅರೆಬರೆ ತೇವವಿರುವಾಗಲೇ ಹೀಗೆ ಎಳೆದು ಒಣಹಾಕಿದರೆ ಇಸ್ತ್ರಿಯ ಅರ್ಧ ಕೆಲಸ ಅಲ್ಲೇ ಆಗಿರುತ್ತದೆ. ಎಲಾಸ್ಟಿಕ್ ಇರುವ ಶೀಟಿಗೆ ಒಂದು ಮೂಲೆಯೊಳಗೆ ಕೈ ತೂರಿಸಿ, ಎದುರಿನ ಮೂಲೆಯನ್ನು ಅದರ ಮೇಲೆ ಟೋಪಿಯಂತೆ ಹಾಕಿ. ನಾಲ್ಕೂ ಮೂಲೆ ಒಂದರೊಳಗೊಂದು ಸೇರಿದ ಮೇಲೆ ಉಳಿಯುವುದು ಬರೀ ಒಂದು ಆಯತ.

ಅಡುಗೆಮನೆ

ಇಲ್ಲಿ ವಾರದ ಕೆಲಸ ಕಡಿಮೆ, ತಿಂಗಳ ಕೆಲಸ ಹೆಚ್ಚು. ಪ್ರತಿ ವಾರ ಫ್ರಿಜ್ಜಿನ ಒಂದು ತಟ್ಟನ್ನು ಮಾತ್ರ ಖಾಲಿ ಮಾಡಿ ಒರೆಸಿ, ಮುಂದಿನ ವಾರ ಇನ್ನೊಂದು. ಇಡೀ ಫ್ರಿಜ್ ಒಂದೇ ದಿನ ಎಂದು ಹೊರಟವರು ಅದನ್ನು ವರ್ಷಕ್ಕೊಮ್ಮೆ ಮಾಡುತ್ತಾರೆ.

ಒಳಗಿನ ತಾಪ 4 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ, ಫ್ರೀಜರ್ ಮೈನಸ್ 18 ಇರಬೇಕು. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ ರಾತ್ರಿಯಿಡೀ ನಡುವಿನ ತಟ್ಟಿನಲ್ಲಿಟ್ಟು ಬೆಳಗ್ಗೆ ನೋಡಿದರೆ ನಿಜವಾದ ಅಂಕಿ ಸಿಗುತ್ತದೆ. ಬಾಗಿಲಿನ ರಬ್ಬರ್ ಸರಿಯಿದೆಯೇ ತಿಳಿಯಲು ಒಂದು ಕಾಗದದ ಪಟ್ಟಿಯನ್ನು ಅಡ್ಡ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ತುಸು ಬಿಗಿ ಹಿಡಿದರೆ ಸರಿ, ಸಲೀಸಾಗಿ ಜಾರಿ ಬಂದರೆ ಅಲ್ಲಿಂದ ತಂಪು ಸೋರುತ್ತಿದೆ. ಮೇಲೆ, ಕೆಳಗೆ, ಬದಿಯಲ್ಲಿ ಹೀಗೆ ಐದಾರು ಕಡೆ ನೋಡಿ. ಹೆಚ್ಚಾಗಿ ಅದು ಜಿಡ್ಡು ಹಿಡಿದು ಗಡಸಾಗಿರುತ್ತದೆ, ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ಒರೆಸಿದರೆ ಮತ್ತೆ ಮೆತ್ತಗಾಗುತ್ತದೆ. ತರಕಾರಿಯ ಡಬ್ಬಿಯ ಕೆಳಗೆ ಆಗಾಗ ನೀರು ನಿಲ್ಲುತ್ತಿದ್ದರೆ ಫ್ರಿಜ್ ಕೆಟ್ಟಿತೆಂದು ಗಾಬರಿ ಬೇಡ. ಹಿಂಗೋಡೆಯ ಬುಡದಲ್ಲಿರುವ ಸಣ್ಣ ತೂತು ಕಟ್ಟಿರಬಹುದು. ಕಿವಿಗೆ ಬಳಸುವ ಹತ್ತಿಕಡ್ಡಿಯಿಂದ ಬಿಡಿಸಿ ಒಂದು ಚಮಚ ಬೆಚ್ಚನೆ ನೀರು ಬಿಡಿ.

ಒಲೆಯ ಮೇಲಿನ ಚಿಮಣಿಯ ಜಾಲರಿಯನ್ನು ತುಂಬ ಬಿಸಿನೀರು ಮತ್ತು ಪಾತ್ರೆ ತೊಳೆಯುವ ದ್ರವದಲ್ಲಿ ಅರ್ಧ ಗಂಟೆ ನೆನೆಸಿದರೆ ಜಿಡ್ಡು ಸಡಿಲವಾಗುತ್ತದೆ. ಅದು ಅಲ್ಯೂಮಿನಿಯಮ್ ಆಗಿದ್ದರೆ ವಾಷಿಂಗ್ ಸೋಡಾ ಹಾಕಬೇಡಿ, ಕ್ಷಾರ ತಾಗಿ ಕಪ್ಪಾಗುತ್ತದೆ. ಪೂರ್ತಿ ಒಣಗಿದ ಮೇಲೆಯೇ ವಾಪಸ್ ಕೂರಿಸಿ.

ಬಚ್ಚಲು: ಬಿಳಿ ಕಲೆಗೆ ಹುಳಿ

ನಲ್ಲಿ, ಶವರಿನ ಮೇಲೆ ಕೂರುವ ಬಿಳಿ ಗಟ್ಟಿ ಪದರ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಸೋಪಿಗೆ ಅದು ಜಗ್ಗುವುದಿಲ್ಲ, ಎಷ್ಟು ತಿಕ್ಕಿದರೂ ಲೋಹಕ್ಕೆ ಗೀರು ಬೀಳುತ್ತದೆಯೇ ಹೊರತು ಕಲೆ ಹೋಗುವುದಿಲ್ಲ. ಅದಕ್ಕೆ ಬೇಕಾದ್ದು ಆಮ್ಲ ಮತ್ತು ಸಮಯ. ಒಂದು ಲೀಟರ್ ಬೆಚ್ಚನೆ ನೀರಿಗೆ ಎರಡು ದೊಡ್ಡ ಚಮಚ ಸಿಟ್ರಿಕ್ ಆಮ್ಲದ ಪುಡಿ ಕರಗಿಸಿ. ಇಲ್ಲವಾದರೆ ಬಿಳಿ ವಿನೆಗರ್ ಮತ್ತು ನೀರು ಸಮಸಮ. ಪ್ಲಾಸ್ಟಿಕ್ ಚೀಲದಲ್ಲಿ ಸುರಿದು ಶವರಿನ ತಲೆ ಮುಳುಗುವಂತೆ ತೊಡಿಸಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಅರ್ಧ ಗಂಟೆಯಿಂದ ಒಂದು ಗಂಟೆ ಸಾಕು, ರಾತ್ರಿಯಿಡೀ ಬಿಟ್ಟರೆ ಕ್ರೋಮ್ ಹೊಳಪು ಕಳೆದುಕೊಳ್ಳಬಹುದು. ತೆಗೆದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೂತುಗಳನ್ನು ಉಜ್ಜಿ ಬಿಸಿನೀರು ಬಿಡಿ.

ನಲ್ಲಿಯ ಧಾರೆ ಓರೆಯಾಗಿ ಚಿಮ್ಮುತ್ತಿದ್ದರೆ, ತೆಳ್ಳಗಾಗಿದ್ದರೆ ತುದಿಯ ಜಾಲರಿ ತುಂಬಿದೆ. ಇಕ್ಕಳಕ್ಕೆ ಬಟ್ಟೆ ಸುತ್ತಿ ಹಿಡಿದು ಬಿಚ್ಚಿ. ಒಳಗೆ ಎರಡು ಮೂರು ಬಿಡಿಭಾಗ ಇರುತ್ತವೆ, ಬಂದ ಕ್ರಮದಲ್ಲೇ ಸಾಲಾಗಿ ಇಟ್ಟು ಒಂದು ಫೋಟೋ ತೆಗೆಯಿರಿ. ಬಿಚ್ಚುವ ಮೊದಲು ಸಿಂಕಿನ ತೂತು ಮುಚ್ಚಿರಿ. ವಾಷರ್ ಒಳಗೆ ಬಿದ್ದರೆ ಐದು ನಿಮಿಷದ ಕೆಲಸ ಅರ್ಧ ದಿನದ್ದಾಗುತ್ತದೆ.

ಎರಡು ಎಚ್ಚರಿಕೆ. ಅಮೃತಶಿಲೆ ಮತ್ತು ಸುಣ್ಣದಂಶವಿರುವ ಯಾವ ಕಲ್ಲಿಗೂ ಹುಳಿ ತಾಗಬಾರದು. ಆ ಕಲ್ಲೂ ಕ್ಯಾಲ್ಸಿಯಂ ಕಾರ್ಬೊನೇಟೇ, ಕಲೆಯ ಜೊತೆ ನೆಲವೂ ಕರಗಿ ಮಸುಕಾಗುತ್ತದೆ. ಇನ್ನೊಂದು ಜೀವಕ್ಕೆ ಸಂಬಂಧಿಸಿದ್ದು. ಬ್ಲೀಚಿನ ಜೊತೆ ವಿನೆಗರ್, ಸಿಟ್ರಿಕ್ ಆಮ್ಲ ಅಥವಾ ಕಮೋಡ್ ತೊಳೆಯುವ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅಮೋನಿಯಾ ಸೇರಿದರೆ ಕ್ಲೋರಮೈನ್. ಎರಡೂ ಶ್ವಾಸಕೋಶ ಸುಡುವಂಥವು. ಇಬ್ಬರು ಮಾಡುವ ಮನೆಯಲ್ಲಿ ಈ ಅಪಾಯ ಹೆಚ್ಚು, ಏಕೆಂದರೆ ಒಬ್ಬರು ಕಮೋಡಿಗೆ ಏನು ಸುರಿದು ಬಂದಿದ್ದಾರೆಂದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಬಚ್ಚಲು ಆ ದಿನ ಯಾರ ಹೆಸರಿನಲ್ಲಿದೆಯೋ ಅವರೊಬ್ಬರೇ ಒಳಗೆ, ಕಿಟಕಿ ತೆರೆದಿರಲಿ, ಒಂದು ದಿನಕ್ಕೆ ಒಂದೇ ದ್ರಾವಣ. ಸೋಂಕು ನಿವಾರಕ ಸಿಂಪಡಿಸಿದ ಕೂಡಲೇ ಒರೆಸಿದರೆ ಅದು ಕೆಲಸ ಮಾಡಿರುವುದಿಲ್ಲ. ಬಾಟಲಿಯ ಮೇಲೆ ಎಷ್ಟು ನಿಮಿಷ ಒದ್ದೆಯಿರಬೇಕೆಂದು ಬರೆದಿರುತ್ತದೆ, ಅಷ್ಟು ಹೊತ್ತು ಬಿಡಿ.

ವಾರಕ್ಕೊಂದೇ ರಿಪೇರಿ

ಒಂದಕ್ಕಿಂತ ಹೆಚ್ಚಿಗೆ ಕೈ ಹಾಕಬೇಡಿ. ಎರಡು ರಿಪೇರಿ ಅರ್ಧಂಬರ್ಧ ನಿಂತ ಮನೆಯಲ್ಲಿ ಭಾನುವಾರ ಇಬ್ಬರಿಗೂ ನೆಮ್ಮದಿ ಇರುವುದಿಲ್ಲ.

ಸಿಂಕಿನಿಂದ ನೀರು ನಿಧಾನವಾಗಿ ಇಳಿಯುತ್ತಿದೆ ಎಂದಿಟ್ಟುಕೊಳ್ಳಿ. ಅಡುಗೆ ಸೋಡಾ ಸುರಿದು ಮೇಲೆ ವಿನೆಗರ್ ಹಾಕುವ ಉಪಾಯ ಎಲ್ಲ ಕಡೆ ಕಾಣಸಿಗುತ್ತದೆ. ನೊರೆ ಬರುವುದೇನೋ ಜೋರಾಗಿಯೇ. ಆದರೆ ಆಮ್ಲ, ಕ್ಷಾರ ಒಂದನ್ನೊಂದು ತಟಸ್ಥ ಮಾಡಿಕೊಂಡು ಕೊನೆಗೆ ಉಳಿಯುವುದು ನೀರು ಮತ್ತು ಒಂದು ನಿರುಪದ್ರವಿ ಲವಣ, ಜಿಡ್ಡಿನ ಗಂಟು ಇದ್ದಲ್ಲೇ ಇರುತ್ತದೆ. ಕೈಯಲ್ಲಿ ಬಿಚ್ಚಿ ತೆಗೆಯುವುದೇ ನೇರ ದಾರಿ:

1. ಸಿಂಕಿನ ಕೆಳಗಿನ ಸಾಮಾನೆಲ್ಲ ಹೊರಗೆ. ಬಕೆಟ್ ಇಡಿ, ಹಿಂದೆ ಹಳೆಯ ಟವೆಲ್ ಹಾಸಿ. ಟಾರ್ಚ್ ಹಿಡಿಯಲು ಇನ್ನೊಬ್ಬರು.

2. ಕೊಳವೆಯ ನಡುವೆ ಬಾಟಲಿಯ ಹಾಗೆ ಇರುವ ಟ್ರ್ಯಾಪಿನ ತಳದ ಬಟ್ಟಲನ್ನು (ಕೆಲವೆಡೆ ಬಾಗಿದ ಕೊಳವೆಯಿರುತ್ತದೆ, ಅದರ ಎರಡು ತುದಿಯ ನಟ್ಟುಗಳನ್ನು) ಕೈಯಿಂದಲೇ ಸಡಿಲಿಸಿ. ಬಗ್ಗದಿದ್ದರೆ ರಬ್ಬರ್ ಕೈಗವಸು ಹಾಕಿ ಹಿಡಿಯಿರಿ. ಪ್ಲಾಸ್ಟಿಕ್ ನಟ್ಟಿಗೆ ಇಕ್ಕಳ ಹಾಕಿದರೆ ಸೀಳು ಬೀಳುತ್ತದೆ.

3. ಬಟ್ಟಲಿನ ಕಪ್ಪು ಗಸಿಯನ್ನು ಕಸದಬುಟ್ಟಿಗೆ ಹಾಕಿ, ಬ್ರಷ್ಷಿನಿಂದ ತಿಕ್ಕಿ. ತೊಳೆಯುವುದು ಬಚ್ಚಲಿನಲ್ಲಿ. ಅಭ್ಯಾಸಬಲದಿಂದ ಅದೇ ಸಿಂಕಿನ ನಲ್ಲಿ ತಿರುಗಿಸಿದರೆ ನೀರು ನೇರ ಟಾರ್ಚ್ ಹಿಡಿದವರ ತೊಡೆಯ ಮೇಲೆ.

4. ರಬ್ಬರ್ ವಾಷರ್ ಬಿರುಕು ಬಿಟ್ಟಿದೆಯೇ ನೋಡಿ, ಓರೆ ಅಂಚು ಮೊದಲು ಯಾವ ಕಡೆಗಿತ್ತೋ ಆ ಕಡೆಗೇ ಕೂರಿಸಿ. ತಿರುಗಾಮುರುಗಾ ಆದರೆ ಎಷ್ಟು ಬಿಗಿದರೂ ತೊಟ್ಟಿಕ್ಕುತ್ತದೆ.

5. ಕೈಬಿಗಿ ಸಾಕು. ಸಿಂಕಿನ ತುಂಬ ನೀರು ನಿಲ್ಲಿಸಿ ಒಮ್ಮೆಲೇ ಬಿಡಿ, ಸಂದುಗಳ ಸುತ್ತ ಒಣ ಟಿಶ್ಯೂ ಕಾಗದ ಆಡಿಸಿ. ಕಣ್ಣಿಗೆ ಕಾಣದ ಹನಿಯೂ ಕಾಗದದಲ್ಲಿ ಕಾಣುತ್ತದೆ.

ಆ ಬಟ್ಟಲಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರಬೇಕು, ಚರಂಡಿಯ ವಾಸನೆ ಮನೆಗೆ ಬಾರದಂತೆ ತಡೆಯುವುದು ಆ ನೀರೇ. ಅಪರೂಪಕ್ಕೆ ಬಳಸುವ ಬಚ್ಚಲಿನ ಕಿಂಡಿಯಿಂದ ವಾಸನೆ ಬರುತ್ತಿದ್ದರೆ ಅದರ ಟ್ರ್ಯಾಪ್ ಒಣಗಿದೆ. ಎರಡು ಚೊಂಬು ನೀರು ಸುರಿದರೆ ವಾಸನೆ ನಿಲ್ಲುತ್ತದೆ.

ಇನ್ನು ಬಾಗಿಲು. ಕಿರುಗುಟ್ಟುವ ಕದಕ್ಕೆ ಎಣ್ಣೆ ಚಿಮುಕಿಸಿದರೆ ಒಂದೆರಡು ವಾರದಲ್ಲಿ ಮತ್ತೆ ಅದೇ ರಾಗ. ಕದ ಮುಚ್ಚಿಟ್ಟು, ಹಿಂಜಿನ ಕಡ್ಡಿಯನ್ನು ಕೆಳಗಿನಿಂದ ಮೊಳೆ ಮತ್ತು ಸುತ್ತಿಗೆಯಲ್ಲಿ ತಟ್ಟಿ ಹೊರತೆಗೆಯಿರಿ. ಒಂದು ಸಲಕ್ಕೆ ಒಂದೇ ಕಡ್ಡಿ, ಇಲ್ಲದಿದ್ದರೆ ಕದವೇ ಕಳಚಿ ಬರುತ್ತದೆ. ತುಕ್ಕು ಒರೆಸಿ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ ವಾಪಸ್ ಹಾಕಿ. ಕದ ಜೋತುಬಿದ್ದು ನೆಲಕ್ಕೆ ಉಜ್ಜುತ್ತಿದ್ದರೆ ಮೇಲಿನ ಹಿಂಜಿನ ಸ್ಕ್ರೂ ಅಳ್ಳಕವಾಗಿರುತ್ತದೆ. ತೂತು ದೊಡ್ಡದಾಗಿ ಸ್ಕ್ರೂ ಸುಮ್ಮನೆ ಸುತ್ತುತ್ತಿದ್ದರೆ, ಮದ್ದಿನ ತಲೆ ಮುರಿದ ಬೆಂಕಿಕಡ್ಡಿಗಳನ್ನು ಮರದ ಅಂಟಿನಲ್ಲಿ ಅದ್ದಿ ತೂತಿಗೆ ತುರುಕಿ ಮಟ್ಟಸವಾಗಿ ಕತ್ತರಿಸಿ. ಇದನ್ನು ಬೆಳಗ್ಗೆ ಎಂಟಕ್ಕೇ ಮಾಡಿಟ್ಟರೆ ಮಧ್ಯಾಹ್ನಕ್ಕೆ ಅಂಟು ಗಟ್ಟಿ. ಆಗ ಒಬ್ಬರು ಕದವನ್ನು ಹಿಡಿಕೆಯ ಕಡೆಯಿಂದ ತುಸು ಎತ್ತಿ ಹಿಡಿಯಲಿ, ಇನ್ನೊಬ್ಬರು ಸ್ಕ್ರೂ ಬಿಗಿಯಲಿ. ಎತ್ತಿ ಹಿಡಿಯದೆ ಬಿಗಿದರೆ ಕದ ಜೋತ ಸ್ಥಿತಿಯಲ್ಲೇ ಗಟ್ಟಿಯಾಗುತ್ತದೆ.

ಕಮೋಡಿನ ಟ್ಯಾಂಕು ಸದ್ದಿಲ್ಲದೆ ಸೋರುತ್ತಿದೆಯೇ ಎಂಬ ಅನುಮಾನವಿದ್ದರೆ ಟ್ಯಾಂಕಿಗೆ ಹತ್ತು ಹನಿ ಆಹಾರದ ಬಣ್ಣ ಹಾಕಿ, ಇಪ್ಪತ್ತು ನಿಮಿಷ ಯಾರೂ ಫ್ಲಶ್ ಮಾಡದಂತೆ ನೋಡಿಕೊಳ್ಳಿ. ಬಣ್ಣ ಕೆಳಗೆ ಕಂಡರೆ ತಳದ ರಬ್ಬರ್ ಸವೆದಿದೆ ಅಥವಾ ಅದರ ಮೇಲೆ ಬಿಳಿ ಪದರ ಕೂತಿದೆ. ಮೊದಲು ನೀರಿನ ಕವಾಟ ಮುಚ್ಚಿ, ರಬ್ಬರ್ ಒರೆಸಿ ನೋಡಿ. ಬಗ್ಗದಿದ್ದರೆ ಹಳೆಯದನ್ನೇ ಕೈಯಲ್ಲಿ ಹಿಡಿದು ಅಂಗಡಿಗೆ ಹೋಗಿ ಅದೇ ಅಳತೆಯದು ತನ್ನಿ.

ಕಾಗದಪತ್ರ, ಅರ್ಧ ಗಂಟೆ

ಊಟಕ್ಕೆ ಮೊದಲು, ಹಸಿವಾಗುತ್ತಿರುವಾಗ ಕೂತರೆ ಬೇಗ ಮುಗಿಯುತ್ತದೆ. ಒಬ್ಬರು ಬಿಲ್ಲು, ಪತ್ರಗಳನ್ನು ಓದಿ ಹೇಳಲಿ, ಇನ್ನೊಬ್ಬರು ಪಾವತಿ ಮಾಡಿ ಬರೆದಿಡಲಿ. ಮುಂದಿನ ತಿಂಗಳು ಅದಲು ಬದಲು. ಹೀಗಾದರೆ ಯಾವ ಖಾತೆಯಿಂದ ಏನು ಹೋಗುತ್ತದೆ ಅನ್ನುವುದು ಇಬ್ಬರಿಗೂ ಗೊತ್ತಿರುತ್ತದೆ, ಒಬ್ಬರು ಊರಲ್ಲಿಲ್ಲದಿದ್ದಾಗ ವಿದ್ಯುತ್ ಬಿಲ್ ಬಾಕಿ ಉಳಿಯುವುದಿಲ್ಲ. ಫ್ರಿಜ್, ವಾಷಿಂಗ್ ಮೆಷಿನ್, ಗೀಸರ್‌ಗಳ ಮಾಡೆಲ್ ಸಂಖ್ಯೆಯ ಚೀಟಿಗೆ ಫೋಟೋ ತೆಗೆದು ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ. ಕೆಟ್ಟ ದಿನ ಮೆಷಿನ್ನಿನ ಹಿಂದೆ ತಲೆ ತೂರಿಸಿ ಸಂಖ್ಯೆ ಓದುವ ಪಾಡು ತಪ್ಪುತ್ತದೆ.

ಇಬ್ಬರ ನಡುವೆ ಕೆಡುವುದು ಎಲ್ಲಿ

ಅವರು ಮಡಿಸಿದ ಟವೆಲನ್ನು ಇವರು ಬಿಚ್ಚಿ ಮತ್ತೆ ಮಡಿಸುವಲ್ಲಿ. ಕೆಲಸ ಒಬ್ಬರ ಹೆಸರಿನಲ್ಲಿ ಬರೆದ ಮೇಲೆ ವಿಧಾನವೂ ಅವರದೇ. ಅಪಾಯವಿದ್ದರೆ, ಬಟ್ಟೆ ಹಾಳಾಗುವಂತಿದ್ದರೆ ಹೇಳಿ. ಉಳಿದದ್ದಕ್ಕೆ ಬಾಯಿ ಹಾಕದಿರುವುದು ಲೇಸು. ಸರಿಮಾಡಿಸಿಕೊಂಡವರು ಮುಂದಿನ ವಾರ ಆ ಕೆಲಸ ಮುಟ್ಟುವುದಿಲ್ಲ, ಆಗ ಅದೂ ನಿಮ್ಮ ತಲೆಗೇ ಬರುತ್ತದೆ.

ವೇಗ ಇಬ್ಬರದೂ ಒಂದೇ ಇರುವುದಿಲ್ಲ. ಬೇಗ ಮುಗಿಸಿದವರು ಇನ್ನೊಬ್ಬರ ಬಾಗಿಲಲ್ಲಿ ಹೋಗಿ ನಿಲ್ಲದೆ ಅಡುಗೆ ಹಚ್ಚಲಿ, ಅಥವಾ ಕೂರಲಿ. ನಿಲ್ಲಿಸುವ ಹೊತ್ತು ಮೊದಲೇ ಗೊತ್ತಿರಬೇಕು: ಒಂದು ಗಂಟೆಗೆ ಅಲಾರಂ ಇಡಿ, ಹೊಡೆದಾಗ ಕೈಯಲ್ಲಿರುವುದನ್ನು ಮುಗಿಸಿ ಎದ್ದುಬಿಡಿ. ಉಳಿದದ್ದು ಮುಂದಿನ ಶುಕ್ರವಾರದ ಹಾಳೆಗೆ.

ಭಾನುವಾರ

ಕೆಲಸ ಎರಡೇ, ಎರಡೂ ಸಂಜೆಗೆ. ಒಣಗಿದ ಬಟ್ಟೆಯನ್ನು ಇಬ್ಬರೂ ಕೂತು ಮಡಿಸಿ ಕಪಾಟಿಗೆ ಸೇರಿಸುವುದು ಒಂದು. ಮಾತಾಡುತ್ತಾ ಮಾಡಲು ಇದಕ್ಕಿಂತ ಒಳ್ಳೆಯ ಕೆಲಸ ಮನೆಯಲ್ಲಿಲ್ಲ, ಕೈಗೆ ಕೆಲಸವಿರುತ್ತದೆ, ತಲೆ ಖಾಲಿಯಿರುತ್ತದೆ. ಇನ್ನೊಂದು, ಸೋಮವಾರದ ಚೀಲ, ಚಾರ್ಜರ್, ಬೀಗದಕೈ ಬಾಗಿಲ ಬಳಿ ತೆಗೆದಿಡುವುದು. ಹಗಲೆಲ್ಲ ಏನು ಮಾಡಬೇಕೆಂದು ಇಲ್ಲಿ ಬರೆಯುವುದು ಸರಿಯಲ್ಲ. ಒಂದೇ ಸಲಹೆ: ಒಬ್ಬರಿಗೆ ಮಲಗಬೇಕು, ಇನ್ನೊಬ್ಬರಿಗೆ ಹೊರಗೆ ಹೋಗಬೇಕು ಅನ್ನಿಸಿದರೆ ಎರಡೂ ನಡೆಯಲಿ. ಜೊತೆಯಲ್ಲಿರುವುದು ಊಟಕ್ಕೂ ಸಂಜೆಗೂ ಸಾಕು.

ಸತತ ಮೂರು ಶುಕ್ರವಾರ ಹಾಳೆಯಿಂದ ಹಾಳೆಗೆ ದಾಟಿದ ಕೆಲಸವಿದ್ದರೆ ಅದನ್ನು ನಾಲ್ಕನೆಯ ಸಲ ಬರೆಯಬೇಡಿ. ಕಾಸು ಕೊಟ್ಟು ಮಾಡಿಸುವುದೋ, ತಾರೀಖು ಹಾಕಿ ಇಬ್ಬರೂ ಕೂಡಿ ಮಾಡುವುದೋ, ಅಥವಾ ಬೇಡವೇ ಬೇಡವೋ, ಆ ರಾತ್ರಿಯೇ ತೀರ್ಮಾನಿಸಿ ಹೊಡೆದುಹಾಕಿ.